ದೇಶನೂರು ಮಡುವಿನ ಎಂಟು ಫೋಟೋ

1952ರ ಮಾರ್ಚ್ 16, ಭಾನುವಾರ. ಮಧ್ಯಾಹ್ನ ಎರಡು ಮುಕ್ಕಾಲಿಗೆ ಸಿರುಗುಪ್ಪ ಪೊಲೀಸ್ ಠಾಣೆಯ ಹೊಸ್ತಿಲಲ್ಲಿ ಮೂವತ್ತು ದಾಟಿದ ಒಬ್ಬ ಮನುಷ್ಯ ಬಂದು ನಿಂತ. ಬಿಸಿಲಲ್ಲಿ ನಡೆದು ಬಂದಿದ್ದರಿಂದ ಮುಖ ಕಪ್ಪಿಟ್ಟಿತ್ತು. ಒಳಗೆ ಬಾ ಎಂದು ಎರಡು ಸಲ ಹೇಳಬೇಕಾಯಿತು.

"ನನ್ನ ಗೆಳೆಯ ಹೊಳ್ಯಾಗ ಸತ್ತಾನ್ರಿ," ಎಂದ.

ಹೆಡ್ ಕಾನ್ಸ್‌ಟೇಬಲ್ ಎರ್ರೆಪ್ಪ ದೂರಿನ ಪುಸ್ತಕ ಎಳೆದುಕೊಂಡ.

"ನಿನ್ನ ಹೆಸರು?"

"ಮರಿಬಸಪ್ಪ. ದೇಶನೂರು."

"ಸತ್ತಾವ?"

"ಚಂದ್ರಣ್ಣ. ಬಳ್ಳಾರ್ಯಾಗ ಫೋಟೋ ಸ್ಟುಡಿಯೋ ಇಟ್ಟಿದ್ದ."

"ಈಜು ಬರ್ತಿದ್ದಿಲ್ಲೇನು?"

"ಬರ್ತಿತ್ರಿ. ಈಜಾಕ ಹೋಗಿದ್ದಿಲ್ಲ. ನೀರಿನ ತಳದಾಗ ಫೋಟೋ ತೆಗಿಯಾಕ ಹೋಗಿದ್ದ."

ಎರ್ರೆಪ್ಪ ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದ. ಕುಡಿದಿರಬಹುದೆಂದು ಅನುಮಾನ ಬಂತು. ಒಳಕೋಣೆಯಿಂದ ಸಬ್ ಇನ್‌ಸ್ಪೆಕ್ಟರ್ ಹಂಪಯ್ಯ ಎದ್ದು ಬಂದು ಎದುರಿನ ಬೆಂಚಿನಲ್ಲಿ ಕೂತರು.

ಹಂಪಯ್ಯನವರಿಗೆ ನಲವತ್ತೆಂಟು ವರ್ಷ. ಹೊಳೆಯಲ್ಲಿ ಸತ್ತವರ ಕಾಗದಗಳನ್ನು ಪ್ರತಿ ಬೇಸಿಗೆಯಲ್ಲೂ ನಾಲ್ಕಾರು ಬರೆಯುತ್ತಿದ್ದರು. ಆದರೆ ಇಂಥದ್ದನ್ನು ಕೇಳಿದ್ದು ಇದೇ ಮೊದಲು.

ಮರಿಬಸಪ್ಪ ಹೇಳಿದ್ದು ಇಷ್ಟು. ಯುದ್ಧದ ಕಾಲದಲ್ಲಿ ಅವನು ನೌಕಾದಳದಲ್ಲಿದ್ದ. ಮುಂಬಯಿಯ ಹಡಗುಕಟ್ಟೆಯಲ್ಲಿ ನೀರಿಗಿಳಿಯುವವರಿಗೆ ಮೇಲಿನಿಂದ ಗಾಳಿ ಒತ್ತುವ ಪಂಪಿನ ಕೆಲಸ ಅವನದು. 1946ರಲ್ಲಿ ಬಿಡುಗಡೆಯಾಗಿ ಬಂದು ಭತ್ತದ ಗದ್ದೆ ನೋಡಿಕೊಂಡಿದ್ದ. ಚಂದ್ರಣ್ಣ ಸಿರುಗುಪ್ಪದ ಶಾಲೆಯಿಂದಲೂ ಜೊತೆಗಾರ. ಹೊಸಪೇಟೆಯ ಅಣೆಕಟ್ಟು ಮುಗಿದ ಮೇಲೆ ಹೊಳೆ ಹೀಗಿರುವುದಿಲ್ಲ, ಅಷ್ಟರೊಳಗೆ ಹೊಳೆಯ ತಳವನ್ನು ಫೋಟೋ ತೆಗೆಯಬೇಕು ಎಂಬುದು ಅವನ ಹಟ. ಇಬ್ಬರೂ ಸೇರಿ ಎರಡು ತಿಂಗಳು ಸ್ಟುಡಿಯೋ ಹಿತ್ತಲಲ್ಲಿ ಕೂತು ಸೀಮೆಎಣ್ಣೆ ಡಬ್ಬಿಯೊಂದನ್ನು ಕತ್ತರಿಸಿ, ಮುಂದೆ ಗಾಜು ಕೂರಿಸಿ, ತಲೆಗೆ ಹಾಕುವ ಟೋಪಿ ಮಾಡಿದ್ದರು. ಅದಕ್ಕೆ ರಬ್ಬರ್ ಕೊಳವೆ. ಕೊಳವೆಗೆ ಲಾರಿ ಟೈರಿಗೆ ಗಾಳಿ ಹಾಕುವ ಪಂಪು. ಕ್ಯಾಮೆರಾಕ್ಕೆ ಗಾಜಿನ ಮುಖದ ತಗಡಿನ ಪೆಟ್ಟಿಗೆ.

"ಇವತ್ತು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಪಂಪಿನ ವಾಷರ್ ಹರೀತ್ರಿ. ಕೂಡ್ಲೆ ಹಗ್ಗ ಜಗ್ಗಿದೆ. ಬಂಡಿಗಲ್ಲಿನ ಸಂದ್ಯಾಗ ಸಿಕ್ಕೊಂಡಿತ್ತು, ಬರ್ಲಿಲ್ಲ. ಕೂಗಿದೆ. ಬೆಸ್ತರ ಗಾದೆಪ್ಪ ಬಂದು ಮುಳುಗಿ ಎತ್ತಿದ. ಅಷ್ಟರಾಗ ಹೋಗಿಬಿಟ್ಟಿದ್ದ."

"ಟೋಪಿ ತೆಗೆದು ಒಗೆದು ತಾನ ಮ್ಯಾಲೆ ಬರಬೌದಿತ್ತಲ್ಲ?"

"ಬೆನ್ನ ಹಿಂದೆ ಪಟ್ಟಿ ಕಟ್ಟಿತ್ರಿ. ಮುಳುಗಾಕ ಅಂತ ಸೊಂಟಕ್ಕ ತೂಕದ ಕಬ್ಬಿಣ. ಮ್ಯಾಲಿದ್ದಾವ ಎತ್ತಬೇಕ್ರಿ. ಅದು ನನ್ನ ಕೆಲಸ."

ಅಸ್ವಾಭಾವಿಕ ಮರಣವೆಂದು ಎಫ್‌ಐಆರ್ ದಾಖಲಾಯಿತು. ಮರಿಬಸಪ್ಪ ಸಹಿ ಹಾಕಿದ. ಅಕ್ಷರ ದುಂಡಗಿತ್ತು.

ನಾಲ್ಕು ಗಂಟೆಗೆ ಹಂಪಯ್ಯ, ಎರ್ರೆಪ್ಪ ಮತ್ತು ಕಾನ್ಸ್‌ಟೇಬಲ್ ಪಕ್ಕೀರಪ್ಪ ದೇಶನೂರಿನ ಹೊಳೆದಂಡೆ ಮುಟ್ಟಿದರು. ಶವ ಮರಳಿನ ಮೇಲೆ ಕಂಬಳಿಯಡಿ ಇತ್ತು. ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಮೃತನ ಎರಡೂ ಅಂಗೈಯಲ್ಲಿ ಹಗ್ಗ ಎಳೆದ ಗೆರೆಗಳು. ಕೊರಳಲ್ಲಿ ದಾರಕ್ಕೆ ಕಟ್ಟಿದ ಕ್ಯಾಮೆರಾ ಪೆಟ್ಟಿಗೆ, ಒಳಗೆ ನೀರು ಹೋಗಿರಲಿಲ್ಲ. ಹಗ್ಗ ನಲವತ್ತು ಅಡಿ. ಹಂಪಯ್ಯ ಅದನ್ನು ಕೈಯಿಂದ ಕೈಗೆ ಜಾರಿಸುತ್ತ ತುದಿಯಿಂದ ತುದಿಗೆ ನೋಡಿದರು. ಬಂಡೆಗೆ ಉಜ್ಜಿದ ಗುರುತು ಎಲ್ಲೂ ಇರಲಿಲ್ಲ.

ಬೆಸ್ತರ ಗಾದೆಪ್ಪ ಬಲೆ ಹೆಗಲ ಮೇಲೆ ಹಾಕಿಕೊಂಡೇ ಉತ್ತರ ಕೊಟ್ಟ.

"ಹಗ್ಗ ಸಿಕ್ಕೊಂಡಿತ್ತೇನು?"

"ನಾ ಇಳಿದಾಗ ಸಡ್ಲ ಇತ್ರಿ."

"ಮರಿಬಸಪ್ಪ ಎಲ್ಲಿದ್ದ?"

"ಬಂಡಿಗಲ್ಲಿನ ಮ್ಯಾಲೆ ನಿಂತಿದ್ದ."

"ನೀರಿಗೆ ಇಳಿದಿದ್ನೇನು?"

ಗಾದೆಪ್ಪ ಬಲೆಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. "ಅಂಗಿ ಒಣಗಿತ್ರಿ. ಅವ ನಮಗಿಂತ ಚಲೋ ಮುಳುಗ್ತಾನ."

ಆ ಜಾಗದಲ್ಲಿ ಹೊಳೆಗೆ ಎರಡು ಮಡು. ಕೆಳಗಿನದು ಎಮ್ಮೆಗಳು ಇಳಿಯುವ ಜಾಗ. ಮೇಲಿನದು ಬಂಡೆಗಳ ನಡುವೆ ಹದಿನೈದು ಅಡಿ ಆಳ, ನೀರು ತಿಳಿ. ಬಂಡೆಯ ಆ ಕಡೆ ಬಟ್ಟೆ ಒಗೆಯುತ್ತಿದ್ದ ಅಗಸರ ಹುಲುಗಮ್ಮ ಏನೂ ನೋಡಿರಲಿಲ್ಲ, ಕೇಳಿದ್ದಳು.

"ಮುಂಜಾನಿಂದ ಇಬ್ರೂ ಕೆಳಗಿನ ಮಡುವಿನ್ಯಾಗಿದ್ರು. ಎಮ್ಮಿ ಬಿದ್ದು ನೀರು ಕಲಕಿದ್ವು. ಆ ಫೋಟೋದಾವ ಮ್ಯಾಲಿನ ಮಡುವಿಗಿ ಹೋಗಾನು ಅಂದ. ಮರಿಬಸಪ್ಪ ಬ್ಯಾಡ, ಅಲ್ಲಿ ಸುಳಿ ಐತಿ ಅಂದ. ಸುಳಿ ಎಲ್ಲೈತ್ರಿ ಬ್ಯಾಸಿಗ್ಯಾಗ? ಕಡೀಕ ಬಂದ್ರು."

"ಆಮ್ಯಾಲೆ?"

"ಪಂಪು ಕುಸ್ ಕುಸ್ ಅಂತಿತ್ತು. ಒಮ್ಮಿ ಮ್ಯಾಲೆ ಬಂದು ಅವ ನಗತಿದ್ದ, ಏನೋ ಸಿಕ್ಕೈತಿ ಅಂತಿದ್ದ. ಮತ್ತ ಇಳಿದ. ಮತ್ತ ಕುಸ್ ಕುಸ್. ಆಮ್ಯಾಲೆ ನಿಂತ್ತು."

"ನಿಂತ ಕೂಡ್ಲೆ ಕೂಗಿದ್ನೇನು?"

"ಇಲ್ರಿ ಯಪ್ಪಾ. ನಾಕು ಸೀರಿ ಹಿಂಡಿ ಹರವಿದೆ. ಆಮ್ಯಾಲೆ ಕೂಗಿದ."

ಹಂಪಯ್ಯ ಅವಳಿಗೆ ನಾಲ್ಕು ಸೀರೆ ಹಿಂಡಿ ಹರವಲು ಹೇಳಿ ಗಡಿಯಾರ ಹಿಡಿದು ನಿಂತರು. ಆರು ನಿಮಿಷ. ಎರ್ರೆಪ್ಪ ಅದನ್ನು ಪಂಚನಾಮೆಯಲ್ಲಿ ಬರೆದ. ಪಂಪನ್ನು ಬಿಚ್ಚಿಸಿದಾಗ ತೊಗಲಿನ ವಾಷರ್ ಎರಡು ತುಂಡಾಗಿತ್ತು. ಸವೆದು ಹರಿದ ತೊಗಲಿನ ಅಂಚು ಎಳೆ ಎಳೆಯಾಗಿರುತ್ತದೆ. ಇದರ ಅಂಚು ಚಾಕುವಿನಿಂದ ಕೊಯ್ದ ಹಾಗೆ ನೇರವಾಗಿತ್ತು.

"ಕೊಲೆ ಅಂತೀರೇನ್ರಿ ಸಾಹೇಬ್ರ?" ಎರ್ರೆಪ್ಪ ದಾರಿಯಲ್ಲಿ ಕೇಳಿದ. "ಯಾಕ ಕೊಲ್ತಾನ? ಇಬ್ರೂ ಒಂದ ತಾಟಿನ್ಯಾಗ ಉಂಡಾವ್ರು."

"ಅದ ಗೊತ್ತಿಲ್ಲ," ಎಂದರು ಹಂಪಯ್ಯ. "ಏನ ಸಿಕ್ಕಿತ್ತು ಅನ್ನೋದು ಮೊದ್ಲು ಗೊತ್ತಾಗ್ಲಿ."

ಸೋಮವಾರ ಶವಪರೀಕ್ಷೆ ಮುಗಿಯಿತು. ಉಸಿರುಕಟ್ಟಿ ಸಾವು, ಬೇರೆ ಗಾಯವಿಲ್ಲ ಎಂದು ವೈದ್ಯರು ಬರೆದರು. ಸಂಜೆ ಬಳ್ಳಾರಿಯಲ್ಲಿ ಅಂತ್ಯಕ್ರಿಯೆಯಾಯಿತು. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಮರಿಬಸಪ್ಪನೂ ಒಬ್ಬ.

ಮಂಗಳವಾರ, ಮಾರ್ಚ್ 18, ಬೆಳಿಗ್ಗೆ ಹತ್ತು ಗಂಟೆ. ಹಂಪಯ್ಯ ಮೊಹರು ಮಾಡಿದ ಕ್ಯಾಮೆರಾ ಹಿಡಿದು ಬಳ್ಳಾರಿಯ ಸ್ಟುಡಿಯೋಗೆ ಹೋದರು. ಬೇರೆ ಸ್ಟುಡಿಯೋದಲ್ಲಿ ಫಿಲ್ಮ್ ತೊಳೆಸುವುದೆಂದು ಅವರ ಯೋಚನೆ, ಮನೆಯವರಿಗೆ ತಿಳಿಸಿ ಹೋಗಲು ಬಂದಿದ್ದರು. ಚಂದ್ರಣ್ಣನ ಹೆಂಡತಿ ವಿರೂಪಮ್ಮ ಗೋಡೆಗೆ ಒರಗಿ ಕೂತಿದ್ದವಳು ಎದ್ದಳು.

"ಬ್ಯಾರೆಯವ್ರ ಕೈಗೆ ಕೊಡಬ್ಯಾಡ್ರಿ. ಎಂಟು ವರ್ಷದಿಂದ ಅವ್ರ ಫಿಲ್ಮ್ ತೊಳಿಯಾಕಿ ನಾನ."

"ನಿಮಗ ಆಗತೈತೇನಮ್ಮಾ?"

"ಆಗಂಗಿಲ್ಲ. ಆದ್ರೂ ತೊಳಿತೀನಿ."

ನಿಯಮದಂತೆ ಹಂಪಯ್ಯನೂ ಒಬ್ಬ ಪಂಚನೂ ಕತ್ತಲೆಕೋಣೆಯೊಳಗೆ ನಿಂತರು. ಕೆಂಪು ದೀಪ. ಮದ್ದಿನ ವಾಸನೆ. ಅವಳು ತಟ್ಟೆಯನ್ನು ತೂಗುತ್ತ ನಿಮಿಷಗಳನ್ನು ಬಾಯಲ್ಲಿ ಎಣಿಸುತ್ತಿದ್ದಳು, ಅಳಲಿಲ್ಲ. ಫಿಲ್ಮ್ ಒಣಗಿದ ಮೇಲೆ ಕಾಗದದ ಮೇಲೆ ಅಚ್ಚು ತೆಗೆದಳು. ಹನ್ನೆರಡರಲ್ಲಿ ಚಂದ್ರಣ್ಣ ಎಂಟು ಚಿತ್ರ ತೆಗೆದಿದ್ದ. ಮೊದಲ ನಾಲ್ಕು ಬರೀ ಕೆಸರಿನ ಮಬ್ಬು. ಐದನೆಯದರಲ್ಲಿ ಬಂಡೆಯ ನೆರಳಲ್ಲಿ ಮೀನುಗಳ ಗುಂಪು. ಆರನೆಯದರಲ್ಲಿ ಒಂದೇ ದೊಡ್ಡ ಮೀನು, ಕ್ಯಾಮೆರಾದ ಕಡೆಗೇ ಮುಖ ಮಾಡಿತ್ತು.

"ಇದಕ್ಕ ಹೋಗಿದ್ರು," ಎಂದಳು ವಿರೂಪಮ್ಮ.

ಏಳನೆಯದು ಬಂಡೆಗಳ ಸಂದಿ. ಅದರಲ್ಲಿ ದುಂಡನೆಯ ಬೀಸುವ ಕಲ್ಲು, ನಡುವಿನ ತೂತಿನಲ್ಲಿ ಹಾಯ್ದ ಕಬ್ಬಿಣದ ಸರಪಳಿ. ಸರಪಳಿ ಹೋಗಿ ಸೇರಿದ್ದು ಮರಳಲ್ಲಿ ಅರ್ಧ ಹೂತ, ಕೊಳೆತ ಕಂಬಳಿಯ ಗಂಟಿಗೆ.

ಎಂಟನೆಯದು ಕೈತಪ್ಪಿ ಒತ್ತಿದಂತಿತ್ತು. ಕೆಳಗಿನಿಂದ ಮೇಲಕ್ಕೆ ಕಾಣುವ ನೀರಿನ ಮುಖ, ಬಿಸಿಲು, ಬಿಸಿಲಿನ ನಡುವೆ ಬಂಡೆಯ ಮೇಲೆ ಕರಿಯ ನೆರಳಿನ ಹಾಗೆ ಒಬ್ಬ ಮನುಷ್ಯ. ಮುಖ ಗೊತ್ತಾಗುವಂತಿರಲಿಲ್ಲ. ವಿರೂಪಮ್ಮ ಅದನ್ನು ಕೆಂಪು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಪಂಪು ಹೊಡಿಯಾವ ಬಗ್ಗಿರ್ತಾನಲ್ರಿ," ಎಂದಳು. "ಇವ ನಿಂತಾನ."

"ಅದು ನೆರಳಮ್ಮಾ. ಕೋರ್ಟಿನ್ಯಾಗ ನಿಲ್ಲಂಗಿಲ್ಲ."

"ಕೋರ್ಟಿಗೆ ಹೇಳ್ಲಿಲ್ರಿ ನಾ. ಅಣ್ಣಾ ಅಂತ ಎರಡು ತಿಂಗಳು ರೊಟ್ಟಿ ಬಡಿದು ಹಾಕೀನಿ."

ಹೊರಗೆ ಬಂದಾಗ ಮರಿಬಸಪ್ಪ ಹಿತ್ತಲಲ್ಲಿ ಬಂದವರ ಕಾಲಿಗೆ ನೀರು ಕೊಡುತ್ತಿದ್ದ. ಅವನು ಊರಿಗೆ ಹೋಗಿರಲಿಲ್ಲ.

"ಏನರ ಬಂದಾವೇನ್ರಿ?" ಎಂದು ಕೇಳಿದ.

"ಮೀನು ಬಂದಾವ," ಎಂದರು ಹಂಪಯ್ಯ. ಪಕ್ಕೀರಪ್ಪನನ್ನು ಮಫ್ತಿಯಲ್ಲಿ ಆ ಬೀದಿಯಲ್ಲೇ ಬಿಟ್ಟು ಬಂದರು.

ಬುಧವಾರ ಬೆಳಿಗ್ಗೆ ಗಾದೆಪ್ಪನೂ ಅವನ ಇಬ್ಬರು ಅಣ್ಣತಮ್ಮಂದಿರೂ ಮೇಲಿನ ಮಡುವಿಗೆ ಇಳಿದರು. ಮೂರು ತಾಸು ಹಿಡಿಯಿತು. ಮೊದಲು ಬೀಸುವ ಕಲ್ಲು ಬಂತು, ಆಮೇಲೆ ಎತ್ತಿನ ಬಂಡಿಯ ಸರಪಳಿ. ಕಂಬಳಿಯಲ್ಲಿ ಮೂಳೆಗಳಿದ್ದವು. ತಲೆಬುರುಡೆ ಸಂದಿಯಲ್ಲಿ ಸಿಕ್ಕಿತ್ತು. ಹರೆಯದ ಹೆಂಗಸಿನದು, ಮೂರರಿಂದ ಐದು ವರ್ಷ ನೀರಿನಲ್ಲಿದ್ದಿರಬೇಕು ಎಂದು ವೈದ್ಯರು ದಂಡೆಯಲ್ಲೇ ಹೇಳಿದರು. ಬಲೆಯಲ್ಲಿ ಮರಳು ಜಾಲಿಸಿದಾಗ ಕಡೆಗೆ ಬೆಳ್ಳಿಯ ಕರಡಿಗೆಯೊಂದು ಬಂತು. ಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಸಣ್ಣ ಭರಣಿ. ಒಂದು ಪಕ್ಕ ಒತ್ತಿ ತಗ್ಗಾಗಿತ್ತು. ಮುಚ್ಚಳ ತೆಗೆದರೆ ಲಿಂಗ ಒಳಗೇ ಇತ್ತು.

ಠಾಣೆಯಲ್ಲಿ ಐದು ವರ್ಷದ ಪುಸ್ತಕ ತೆಗೆಸಿ ನೋಡಿದರು. ದೇಶನೂರಿನಿಂದ ಕಾಣೆಯಾದ ಹೆಂಗಸಿನ ದೂರು ಒಂದೂ ಇರಲಿಲ್ಲ. ಎರ್ರೆಪ್ಪ ಪುಸ್ತಕ ಮುಚ್ಚಿದ. ಅವನ ಹೆಂಡತಿಯ ತವರು ದೇಶನೂರು.

"ದೂರು ಕೊಟ್ಟಿಲ್ರಿ. ಆದ್ರ ಒಬ್ಬಾಕಿ ಹೋಗಿದ್ಲು. ನಲವತ್ತೆಂಟರಾಗ. ಹತ್ತೊಂಬತ್ತು ವರ್ಷದಾಕಿ, ಲಗ್ನ ಆಗಿದ್ದಿಲ್ಲ. ನಾಟಕದ ಕಂಪನಿಯಾವನ ಹಿಂದ ಓಡಿ ಹೋದ್ಲು ಅಂತ ಮನ್ಯಾವ್ರ ಹೇಳಿದ್ರು."

"ಯಾರ ಮನಿ?"

"ಮರಿಬಸಪ್ಪನ ತಂಗಿ ಸಾಹೇಬ್ರ. ಎರ್ರಮ್ಮ."

ತಂದೆ ಮರುವರ್ಷ ತೀರಿಕೊಂಡಿದ್ದ. ತಾಯಿ ಕೊಟ್ರಬಸಮ್ಮ, ಮಗಳು ಬರುವ ತನಕ ದೇಶನೂರಿನ ಮನೆ ತುಳಿಯುವುದಿಲ್ಲವೆಂದು ಕುರುಗೋಡಿನ ತಮ್ಮನ ಮನೆಯಲ್ಲಿ ಉಳಿದಿದ್ದಳು.

ಗುರುವಾರ, ಮಾರ್ಚ್ 20, ಬೆಳಿಗ್ಗೆ ಎಂಟೂವರೆ. ಕುರುಗೋಡಿನ ಗುಡ್ಡದ ಬುಡದ ಆ ಮನೆಯಲ್ಲಿ ಕೊಟ್ರಬಸಮ್ಮ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅರವತ್ತರ ಹೆಂಗಸು, ಕಣ್ಣು ಚುರುಕಾಗಿತ್ತು. ಖಾಕಿ ಬಟ್ಟೆ ನೋಡಿ ಹೆದರಲಿಲ್ಲ.

"ನಮ್ಮ ಎರ್ರಿ ಸುದ್ದಿ ಏನರ ತಂದೀರೇನ್ರಿ?"

"ಆಕಿ ಸುದ್ದಿ ನಿಮಗ ಹೆಂಗ ಬರ್ತೈತಮ್ಮಾ?"

"ಕಾಗದ ಬರೀತಾಳ್ರಿ. ಸೊಲ್ಲಾಪುರದಾಗ ಅದಾಳ. ಗಂಡ ಚಲೋ ಅದಾನಂತ. ಒಂದು ಗಂಡು ಕೂಸು. ಅಪ್ಪ ಬೈತಾನಂತ ಬರಲಿಲ್ಲ, ಈಗ ಅಪ್ಪ ಹೋದ, ಆದ್ರೂ ನಾಚಿಕಿ ಅಂತ. ನನಗ ಓದಾಕ ಬರಂಗಿಲ್ಲ. ಮರಿಬಸ ತಿಂಗಳಾ ಬಂದು ಓದಿ ಹೇಳ್ತಾನ."

ಒಳಗಿನಿಂದ ಬಟ್ಟೆಯ ಗಂಟೊಂದನ್ನು ತಂದು ಹಂಪಯ್ಯನವರ ಮುಂದೆ ಬಿಚ್ಚಿದಳು. "ಯುಗಾದಿದೊಂದು ಓದ್ರಿ. ಕೂಸಿಗೆ ಹಲ್ಲು ಬಂದದ್ದು ಬರದಾಳ. ಇನ್ನೊಮ್ಮಿ ಕೇಳಬೇಕು."

ನಲವತ್ತಕ್ಕೂ ಹೆಚ್ಚು ಕಾಗದಗಳಿದ್ದವು. ಹಂಪಯ್ಯ ಮೇಲಿನದನ್ನು ತೆಗೆದರು. ಅದು ಬಿತ್ತನೆ ಬೀಜದ ಅಂಗಡಿಯ ರಸೀದಿ. ಮುಂದಿನದು ಕಾಲುವೆ ನೀರಿನ ನೋಟೀಸು. ಆಮೇಲೆ ನೌಕಾದಳದ ಇಂಗ್ಲಿಷ್ ಸುತ್ತೋಲೆ, ಮಡಚಿ ಮಡಚಿ ಸವೆದದ್ದು. ಒಂದೊಂದಾಗಿ ತಿರುವಿದರು. ಎರ್ರಮ್ಮನ ಕಾಗದ ಒಂದೂ ಇರಲಿಲ್ಲ. ಎದುರಿಗೆ ಮುದುಕಿ ಕಿವಿಗೊಟ್ಟು ಕೂತಿದ್ದಳು.

"ಕನ್ನಡಕ ತಂದಿಲ್ಲಮ್ಮಾ," ಎಂದರು ಹಂಪಯ್ಯ. ಎರ್ರೆಪ್ಪ ಮುಖ ತಿರುಗಿಸಿ ಬೀದಿ ನೋಡಿದ.

ಅವರು ಜೇಬಿನಿಂದ ಕರಡಿಗೆ ತೆಗೆದು ಜೋಳದ ಮೊರದ ಪಕ್ಕದಲ್ಲಿಟ್ಟರು. ಬೇರೆ ದಾರಿ ಇರಲಿಲ್ಲ. ಗುರುತು ಹಿಡಿಯಬಲ್ಲವಳು ಅವಳೊಬ್ಬಳೇ.

ಕೊಟ್ರಬಸಮ್ಮ ಅದನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದಳು. ಮುಖ ಅರಳಿತು.

"ನಮ್ಮ ಎರ್ರಿದು. ಸಣ್ಣಾಕಿದ್ದಾಗ ರುಬ್ಬೋ ಒಳ್ಳಿನ ಮ್ಯಾಲೆ ಬಿದ್ದು ತಗ್ಗು ಬಿದ್ದೈತಿ ನೋಡ್ರಿ. ಆಕಿ ಕಳಿಸ್ಯಾಳೇನ್ರಿ?"

ಉತ್ತರಕ್ಕೆ ಕಾಯದೆ ಅವಳು ಮುಚ್ಚಳ ತೆಗೆದಳು. ಒಳಗಿನ ಲಿಂಗ ಕಂಡಿತು. ಹುಟ್ಟಿದಾಗ ಕಟ್ಟಿದ್ದು, ಉಸಿರಿರುವ ತನಕ ಯಾರೂ ಮೈಯಿಂದ ತೆಗೆಯುವುದಿಲ್ಲ. ಮಣ್ಣು ಮಾಡುವಾಗಲೂ ಜೊತೆಗೇ ಇಡುತ್ತಾರೆ. ಮುಚ್ಚಳವನ್ನು ಮತ್ತೆ ಹಾಕದೆ ಜೋಳದ ಮೇಲಿಟ್ಟಳು.

"ಇದನ್ನ ಬಿಟ್ಟು ಆಕಿ ಹೆಂಗಿರ್ತಾಳ್ರಿ?" ಎಂದಳು.

"ಇಲ್ಲಮ್ಮಾ," ಎಂದರು ಹಂಪಯ್ಯ. "ನಾಕು ವರ್ಷ ಆತು."

"ಎಲ್ಲಿ?"

"ದೇಶನೂರು ಹೊಳ್ಯಾಗ."

ಆಮೇಲೆ ಅವಳು ಕೂಸಿನ ಹೆಸರನ್ನು ಒಂದು ಸಲ ಹೇಳಿದಳು, ಯಾವತ್ತೂ ಇಲ್ಲದ ಕೂಸಿನ ಹೆಸರನ್ನು. ಹೇಳಿಕೆಗೆ ಹೆಬ್ಬೆಟ್ಟು ಒತ್ತುವಾಗ ಎರ್ರೆಪ್ಪ ಅವಳ ಕೈ ಹಿಡಿದುಕೊಳ್ಳಬೇಕಾಯಿತು. ಸಮಯ ಒಂಬತ್ತೂ ಇಪ್ಪತ್ತು ಎಂದು ಬರೆದುಕೊಂಡರು.

ಅದೇ ದಿನ ಮಧ್ಯಾಹ್ನ ಮೂರೂವರೆಗೆ ಜೀಪು ಬಳ್ಳಾರಿಯ ಸ್ಟುಡಿಯೋ ಮುಂದೆ ನಿಂತಿತು. ಮರಿಬಸಪ್ಪ ಹಿತ್ತಲಲ್ಲಿ, ಇಬ್ಬರೂ ಕೂತು ಡಬ್ಬಿ ಕತ್ತರಿಸಿದ್ದ ಜಾಗದಲ್ಲೇ ಒಬ್ಬನೇ ಕೂತಿದ್ದ. ಹಂಪಯ್ಯ ಅವನ ಎದುರಿಗಿದ್ದ ಕಲ್ಲಿನ ಮೇಲೆ ಕೂತರು.

"ಬೀಸೋ ಕಲ್ಲು ಎತ್ತಿಸೀನಿ," ಎಂದರು.

ಅವನು ತಲೆಯಾಡಿಸಿದ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ.

"ತಂಗೀನ ಕೊಂದಾವ ಯಾರು?"

"ಯಾರೂ ಕೊಂದಿಲ್ರಿ. ಬಸುರಾಗಿದ್ಲು. ಯಾರು ಅಂತ ಬಾಯಿ ಬಿಡಲಿಲ್ಲ. ಅಪ್ಪ ಯಾರ ಕಡಿಂದನೋ ಬೇರು ತಂದು ಅರೆದು ಕುಡಿಸಿದ. ದನದ ಕ್ವಾಣ್ಯಾಗ ಎರಡು ದಿವಸ ರಕ್ತ ಹೋತು. ಅವ್ವ ಆವಾಗ ಕುರುಗೋಡಿನ್ಯಾಗಿದ್ಲು. ಡಾಕ್ಟರನ್ನ ಕರೀತೀನಿ ಅಂದೆ. ಅಪ್ಪ ಬಾಗಲಕ್ಕ ಅಡ್ಡ ನಿಂತ. ನಾ ಅವನ್ನ ದೂಡಿ ಹೋಗಬೌದಿತ್ತು. ಹೋಗ್ಲಿಲ್ಲ."

"ಮಣ್ಣು ಯಾಕ ಮಾಡ್ಲಿಲ್ಲ?"

"ಮಣ್ಣಿಗೆ ಮಂದಿ ಬೇಕಲ್ರಿ. ಮಂದಿ ಬಂದ್ರ ಕೇಳ್ತಾರ. ಲಿಂಗ ಅಷ್ಟ ಇರ್ಲಿ ಅಂತ ಕೊರಳಾಗ ಬಿಟ್ಟೆ."

"ಚಂದ್ರಣ್ಣಗ ಗೊತ್ತಿತ್ತೇನು?"

"ಇಲ್ರಿ. ನಾಕು ಮಳಿಗಾಲದ ಹೊಳಿ ಒಯ್ದಿರ್ತೈತಿ ಅಂದ್ಕೊಂಡಿದ್ದೆ. ಕೆಳಗಿನ ಮಡುವಿಗೆ ಕರ್ಕೊಂಡು ಹೋದೆ. ಎಮ್ಮಿ ಕಲಕಿದ್ವು." ಅವನು ಅಂಗೈ ನೋಡಿಕೊಂಡ. "ಮ್ಯಾಲೆ ಬಂದು ನಗತಿದ್ದ. ಮರಿಬಸಾ, ಸರಪಳಿ ಕಟ್ಟಿದ ಕಲ್ಲು ಐತಲೇ, ಕಂಬಳಿ ಬಿಚ್ಚಿ ಒಂದು ಫೋಟೋ ತೆಗೀತೀನಿ ಅಂದ. ಬ್ಯಾಡ ಅಂದೆ. ಇಳಿದ. ಪಂಪು ಹೊಡಿತಿದ್ದೆ. ಕೈ ನಿಂತ್ತು. ಹಗ್ಗ ಮೂರು ಸಲ ಜಗ್ಗಿದ. ಅದು ಎತ್ತು ಅನ್ನೋ ಸನ್ನಿ. ಆಮ್ಯಾಲೆ ಬಾಳ ಸಲ ಜಗ್ಗಿದ."

"ವಾಷರ್?"

"ಆಮ್ಯಾಲೆ ಕೊಯ್ದೆ."

ಬಾಗಿಲಲ್ಲಿ ವಿರೂಪಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಯಾರೂ ನೋಡಿರಲಿಲ್ಲ. ಮರಿಬಸಪ್ಪ ಅವಳ ಕಡೆ ಕತ್ತೆತ್ತಲಿಲ್ಲ.

"ಹೆಣದ ಕೊರಳಾಗಿನ ಕ್ಯಾಮೆರಾ ನಿನ್ನ ಮುಂದ ಒಂದು ತಾಸು ಇತ್ತು," ಎಂದರು ಹಂಪಯ್ಯ. "ಪೆಟ್ಟಿಗಿ ತೆರೆದು ಬೆಳಕಿಗೆ ಹಿಡಿದಿದ್ರ ಎಲ್ಲಾ ಅಳಿಸಿ ಹೋಗ್ತಿತ್ತು. ನಿನಗ ಗೊತ್ತಿತ್ತು."

"ಗೊತ್ತಿತ್ರಿ. ಅವ ತೆಗೆದ ಕಡೀ ಫೋಟೋ. ಕೈ ಬರ್ಲಿಲ್ಲ."

"ಗೆಳೆಯನ್ನ ಕೊಲ್ಲಾಕ ಕೈ ಬಂತಲ್ಲ?"

ಮರಿಬಸಪ್ಪ ವಿರೂಪಮ್ಮನಿಗೆ ಕೇಳಿಸಲಿ ಎಂಬಂತೆ ಸ್ವಲ್ಪ ಗಟ್ಟಿಯಾಗಿ ಹೇಳಿದ.

"ಎರ್ರಿ ಸತ್ತದ್ದು ನನಗ, ಅಪ್ಪಗ ಅಷ್ಟ ಗೊತ್ತಿತ್ತು. ಅವ್ವಗ ಆಕಿ ಜೀವಂತ ಇದ್ಲು. ಆಕಿಗೊಬ್ಬ ಗಂಡ, ಒಂದು ಕೂಸು, ಎಲ್ಲಾ ನಾನ ಕೊಟ್ಟೀನಿ. ತಿಂಗಳಾ ಹೋಗಿ ಓದಿ ಬರ್ತಿದ್ದೆ. ಚಂದ್ರಣ್ಣ ಆ ಕಂಬಳಿ ಬಿಚ್ಚಿ ಮ್ಯಾಲೆ ಬಂದಿದ್ರ, ಅವತ್ತ ಅವ್ವನ ಮುಂದ ಆಕಿ ಸಾಯ್ತಿದ್ಲು. ನನಗ ಬ್ಯಾರೆ ಏನೂ ಹೊಳೀಲಿಲ್ಲ."

ಎರ್ರೆಪ್ಪ ದಸ್ತಗಿರಿ ಪತ್ರ ಬರೆಯುತ್ತಿದ್ದ. ಆರೋಪಿಯ ಹೆಸರು, ತಂದೆಯ ಹೆಸರು, ವಯಸ್ಸು ಮೂವತ್ತಮೂರು. ಮರಿಬಸಪ್ಪ ಓದಿ ನೋಡಿ ಅದೇ ದುಂಡನೆಯ ಅಕ್ಷರದಲ್ಲಿ ಸಹಿ ಹಾಕಿದ. ಆಮೇಲೆ ಎದ್ದು ನಿಂತು ಹಂಪಯ್ಯನವರಿಗೆ ಕೈ ಮುಗಿದ.

"ಒಂದು ಕೇಳ್ತೀನ್ರಿ ಸಾಹೇಬ್ರ. ಗಲ್ಲಿಗೆ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಜಗಳಾಡಿ ಕೊಂದೆ ಅಂತ ಬರ್ಕೊಳ್ರಿ. ಅವ್ವಗ ಮಾತ್ರ ಎರ್ರಿದು ಹೇಳಬ್ಯಾಡ್ರಿ."

ಹಂಪಯ್ಯ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

"ಮುಂಜಾನಿ ಹೇಳಿ ಬಂದೀನಿ," ಎಂದರು.

ಮರಿಬಸಪ್ಪ ಅವರ ಮುಖವನ್ನೇ ನೋಡಿದ. ಆಮೇಲೆ ಎರಡೂ ಕೈ ಮುಂದೆ ಚಾಚಿದ. ಪಕ್ಕೀರಪ್ಪ ಕೋಳ ಹಾಕಿದ. ಸಮಯ ನಾಲ್ಕು ಗಂಟೆ ಹತ್ತು ನಿಮಿಷ.